ಗೊಬ್ಬರದ ಚೀಲ ಹೊಡೆದ ಕಿಟಕಿ

ನಾನು ನಿಮ್ಮ ಬೆನ್ನಿಗೆ ಕಿವಿ ಇಟ್ಟಾಗಲೆಲ್ಲ ನೀವು ಕಚಗುಳಿ ಎಂದು ನಗುತ್ತೀರಿ. ಅಜ್ಜಿಗೆ ಇದೊಂದು ಆಟ ಎಂದುಕೊಂಡಿದ್ದೀರಿ. ಆಟವಲ್ಲ. ಮೊನ್ನೆ ಚಿಕ್ಕವನ ಬೆನ್ನಿಗೆ ಹಾಗೆ ಕಿವಿ ಇಟ್ಟಾಗ ಉಸಿರಿನ ಕೊನೆಯಲ್ಲಿ ಸಣ್ಣದೊಂದು ಸಿಳ್ಳೆ ಕೇಳಿಸಿತು. ಅದೇ ವಾರ ನಿಮ್ಮ ಚನ್ನಪಟ್ಟಣದ ಮನೆಯಲ್ಲಿ ಬೀರು ಸರಿಸಿದಾಗ ಅವನ ಮಂಚದ ತಲೆಯ ಕಡೆ ಗೋಡೆಯ ಮೇಲೆ ಕರೀ ಬೂಷ್ಟು ಕಂಡಿತು. ನಿಮ್ಮ ಅಪ್ಪ ಕೂಡಲೇ ಪೇಂಟಿನವನಿಗೆ ಫೋನು ಮಾಡಿದರು. ಬಣ್ಣ ಬಳಿಯುವುದಕ್ಕೆ ಮೊದಲು ಒಂದು ಮಾತು ಹೇಳಬೇಕು ಎಂದು ನನಗೆ ಅನ್ನಿಸಿತು. ಆದರೆ ಅಳಿಯಂದಿರ ಎದುರು ನಿಂತರೆ ನನಗೆ ಈ ವಯಸ್ಸಿನಲ್ಲೂ ನಾಲಿಗೆ ಏಳುವುದಿಲ್ಲ. ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದರಿಂದ ಬರೆಯುವುದಕ್ಕಾದರೂ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೇಳಬೇಕಾಗಿರುವುದು ನಿಮ್ಮ ಅಮ್ಮ ಚಿಕ್ಕವನಿಗಿಂತಲೂ ಚಿಕ್ಕವಳಾಗಿದ್ದಾಗಿನ ವಿಷಯ.

ನನ್ನ ತವರು ದೊಡ್ಡಮಳೂರಿನ ಪಕ್ಕದ ಊರು. ಅಲ್ಲಿ ನಮ್ಮದು ಭತ್ತ, ತೆಂಗು. ಕೊಟ್ಟ ಊರು ರಾಮನಗರದಿಂದ ಕನಕಪುರಕ್ಕೆ ಹೋಗುವ ದಾರಿಯಿಂದ ಒಳಗೆ. ಇಲ್ಲಿ ರೇಷ್ಮೆ. ಮದುವೆಯಾಗಿ ಬಂದ ಮೊದಲ ದಿನವೇ ತಿಳಿದದ್ದು, ಈ ಮನೆಯಲ್ಲಿ ನಮಗಿಂತ ಮೊದಲು ಹುಳುಗಳ ಊಟ, ಹುಳುಗಳ ನಿದ್ದೆ. ಈಗಿನ ಹಾಗೆ ಹುಳು ಸಾಕಲು ಬೇರೆ ಮನೆ ಎನ್ನುವುದು ಆಗ ಹೆಚ್ಚು ಜನರಿಗೆ ಇರಲಿಲ್ಲ. ನಾವು ಉಂಡು ಮಲಗುವ ನಡುಮನೆಯಲ್ಲೇ ಗೋಡೆಯುದ್ದಕ್ಕೂ ಬಿದಿರಿನ ಅಟ್ಟಣಿಗೆ, ಅದರ ಮೇಲೆ ತಟ್ಟೆಗಳು, ತಟ್ಟೆಗಳಲ್ಲಿ ಹುಳು. ಅಟ್ಟಣಿಗೆಯ ಕಾಲುಗಳಿಗೆ ಇರುವೆ ಹತ್ತದಿರಲೆಂದು ನೀರಿನ ಬಟ್ಟಲು. ಹುಳುವಿಗೆ ಘಾಟು ತಾಕಬಾರದೆಂದು ಒಗ್ಗರಣೆಯನ್ನು ಹಿತ್ತಲಲ್ಲಿ ಹಾಕಿಕೊಂಡು ಬರುತ್ತಿದ್ದೆ. ಉಳಿದ ಜಾಗದಲ್ಲಿ ನಾವು ಚಾಪೆ ಹಾಸಿಕೊಳ್ಳುತ್ತಿದ್ದೆವು.

ಇದಕ್ಕೆಲ್ಲ ಯಜಮಾನಿ ನಿಮ್ಮ ತಾತನ ತಾಯಿ. ನಾನು ಅತ್ತೆಮ್ಮ ಎನ್ನುತ್ತಿದ್ದೆ. ಅವರ ಕೈಯಲ್ಲಿ ಹುಳು ಚೆನ್ನಾಗಿ ಬರುತ್ತದೆ ಎಂದು ಸುತ್ತಲ ಊರಿನವರೆಲ್ಲ ಹೇಳುತ್ತಿದ್ದರು. ಹುಳು ದೊಡ್ಡದಾಗಿ ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಮನೆಯ ತುಂಬ ಮಳೆ ಬಿದ್ದಂತೆ ಸದ್ದಾಗುತ್ತದೆ. ಅತ್ತೆಮ್ಮ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು ಆ ಸದ್ದು ಕೇಳಿಯೇ, ಮೇಲಿನ ತಟ್ಟೆಯ ಹುಳು ಮಂಕಾಗಿದೆ, ಸೊಪ್ಪು ಬದಲಾಯಿಸು ಎನ್ನುತ್ತಿದ್ದರು. ಹೋಗಿ ನೋಡಿದರೆ ಅವರು ಹೇಳಿದ ಹಾಗೇ ಇರುತ್ತಿತ್ತು.

ನಿಮ್ಮ ಅಮ್ಮ ತೆವಳುವುದು ಬಿಟ್ಟು ನಡೆಯಲು ಕಲಿತ ಹೊತ್ತಿಗೆ ನಮ್ಮ ಕಡೆಗೆ ಊಜಿ ನೊಣ ಬಂತು. ನೋಡುವುದಕ್ಕೆ ಮನೆಯ ನೊಣಕ್ಕಿಂತ ಒಂದಿಷ್ಟು ದೊಡ್ಡದು. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ, ಇಲ್ಲವೇ ಗೂಡಿಗೆ ತೂತಾಗುತ್ತದೆ. ಒಂದು ಸಲ ಬೆಳೆಯೆಲ್ಲ ಹೀಗೆ ಹೋದದ್ದನ್ನು ನೋಡಿ ಊರಿಗೆ ಊರೇ ಹೆದರಿತು. ಕಿಟಕಿಗೆ ಬಲೆ ಕಟ್ಟಿ ಎಂದು ಇಲಾಖೆಯವರು ಹೇಳಿ ಹೋದರು. ಬಲೆ ತರುವಷ್ಟರಲ್ಲಿ ಮುಂದಿನ ಬೆಳೆಯ ರೇಷ್ಮೆ ಮೊಟ್ಟೆ ಬಂದಾಗಿತ್ತು. ಅತ್ತೆಮ್ಮ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ತೊಳೆದು ಹರಿದು, ಎರಡು ಪದರ ಮಾಡಿ, ನಡುಮನೆಯ ಎರಡೂ ಕಿಟಕಿಗಳಿಗೆ ಹೊಡೆಸಿದರು. ಹೆಂಚಿನ ಸಂದಿಗೂ ತುರುಕಿಸಿದರು. ನೊಣ ಬರಲಿಲ್ಲ. ಬೆಳೆ ಚೆನ್ನಾಯಿತು. ಚಳಿಗಾಳಿಯೂ ಬರದೆ ಹುಳುವಿಗೆ ಹಿತವಾಗಿದೆ ಎಂದುಕೊಂಡು, ಬಲೆ ಕೊಳ್ಳುವ ಮಾತನ್ನು ಎಲ್ಲರೂ ಮರೆತೆವು. ನಮ್ಮ ಬೀದಿಯಲ್ಲಿ ಇನ್ನೂ ಕೆಲವರು ಅತ್ತೆಮ್ಮನನ್ನು ನೋಡಿ ಹಾಗೆಯೇ ಮಾಡಿದರು.

ಈಗ ಯೋಚಿಸಿದರೆ ಆ ಮನೆಯ ಸ್ಥಿತಿ ಕಣ್ಣಿಗೆ ಕಟ್ಟುತ್ತದೆ. ಮರಿ ಹುಳುವಿಗೆ ತೇವ ಬೇಕು, ಬೆಚ್ಚಗಿರಬೇಕು. ಅದಕ್ಕೆ ಅಟ್ಟಣಿಗೆಯ ಸುತ್ತ ಒದ್ದೆ ಗೋಣಿ ಇಳಿಬಿಡುತ್ತಿದ್ದೆವು. ಮೂಲೆಯಲ್ಲಿ ಇದ್ದಿಲಿನ ಕೆಂಡ. ತಂದ ಸೊಪ್ಪು ಬಾಡಬಾರದೆಂದು ಬಡಗಣ ಗೋಡೆಗೆ ಒತ್ತಿ ರಾಶಿ ಹಾಕಿ, ಅದರ ಮೇಲೂ ಒದ್ದೆ ಗೋಣಿ ಹೊದಿಸಿ, ಮತ್ತೆ ಮತ್ತೆ ನೀರು ಚಿಮುಕಿಸುತ್ತಿದ್ದೆವು. ಗೋಡೆಯ ಆಚೆ ಬದಿಗೆ ಬಚ್ಚಲು. ಮಣ್ಣಿನ ಗೋಡೆ ಎರಡೂ ಕಡೆಯಿಂದ ನೀರು ಕುಡಿಯುತ್ತಿತ್ತು. ಮೊದಲಾದರೆ ಕಿಟಕಿಯಿಂದ ಬಿಸಿಲು, ಗಾಳಿ ಬಂದು ಒಣಗುತ್ತಿತ್ತು. ಈಗ ಅದಕ್ಕೆ ದಾರಿಯೇ ಇಲ್ಲ.

ಬೂಷ್ಟು ಮೊದಲು ಬೂದಿ ಉದುರಿಸಿದ ಹಾಗೆ ಬಂತು. ಆಮೇಲೆ ಹಸಿರಾಯಿತು. ಶ್ರಾವಣ ಕಳೆಯುವ ಹೊತ್ತಿಗೆ ಸೊಪ್ಪಿನ ರಾಶಿಯ ಹಿಂದೆ ಗೋಡೆ ಮೊಣಕಾಲೆತ್ತರಕ್ಕೆ ಕಪ್ಪಾಗಿತ್ತು. ಮನೆಯೊಳಗೆ ಬಂದವರಿಗೆ ಹಳೇ ಗೋಣಿಚೀಲದ ವಾಸನೆ ಬಡಿಯುತ್ತಿತ್ತಂತೆ. ನಮಗೆ ಗೊತ್ತಾಗುತ್ತಿರಲಿಲ್ಲ. ಹುಳು ಗೂಡು ಕಟ್ಟಿ ಮನೆ ಖಾಲಿಯಾದಾಗಲೆಲ್ಲ ಅತ್ತೆಮ್ಮ ಗೋಡೆಗೆ ದಪ್ಪಗೆ ಸುಣ್ಣ ಬಳಿಸುತ್ತಿದ್ದರು. ಗೋಡೆ ಹೊಸದರ ಹಾಗೆ ಬೆಳ್ಳಗಾಗುತ್ತಿತ್ತು. ಮುಂದಿನ ಹುಳು ಎರಡನೇ ಜ್ವರಕ್ಕೆ ಕೂರುವಷ್ಟರಲ್ಲಿ, ಅಂದರೆ ಪೊರೆ ಬಿಡಲು ಸುಮ್ಮನೆ ಮಲಗುವಷ್ಟರಲ್ಲಿ, ಆ ಬಿಳುಪಿನ ಒಳಗಿಂದ ಕಪ್ಪು ಮತ್ತೆ ಮೂಡುತ್ತಿತ್ತು.

ನಿಮ್ಮ ಅಮ್ಮನಿಗೆ ಕೆಮ್ಮು ಹತ್ತಿದ್ದೂ ಆ ಮಳೆಗಾಲದಲ್ಲೇ. ಮೊದಲು ಒಣಕೆಮ್ಮು. ಆಮೇಲೆ ಎದೆಯಲ್ಲಿ ಸಿಳ್ಳೆ. ಉಸಿರು ಎಳೆದಾಗ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. ಮಗು ಅಳುವುದಕ್ಕೂ ಉಸಿರು ಸಾಲದೆ ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು. ಶೀತ ಎಂದೆವು. ದೊಡ್ಡಪತ್ರೆ ರಸವನ್ನು ಜೇನುತುಪ್ಪದಲ್ಲಿ ಕುಡಿಸಿದೆವು. ವೀಳ್ಯದೆಲೆಗೆ ಎಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಎದೆಗೆ ಶಾಖ ಕೊಟ್ಟೆವು. ನಮ್ಮ ಗೂಡು ಕೊಳ್ಳುತ್ತಿದ್ದ ರಾಮನಗರದ ಸಾಬರ ಮನೆಯಾಕೆ ದರ್ಗಾದಿಂದ ತಾಯತ ತಂದುಕೊಟ್ಟಳು, ಅದನ್ನೂ ಕಟ್ಟಿದೆವು. ಶೀತಕ್ಕೆ ಬೆಚ್ಚಗಿಡಬೇಕಲ್ಲ? ಮನೆಯಲ್ಲಿ ಬೆಚ್ಚಗಿದ್ದ ಜಾಗ ಒಂದೇ, ಹುಳುವಿನ ಪಕ್ಕ, ಕೆಂಡದ ಹತ್ತಿರ, ಬಡಗಣ ಗೋಡೆಯ ಬುಡ. ಮಗುವನ್ನು ಅಲ್ಲಿ ಮಲಗಿಸಿದೆವು. ಹೆಚ್ಚಾದಷ್ಟೂ ಇನ್ನಷ್ಟು ಹತ್ತಿರಕ್ಕೆ ಸರಿಸಿದೆವು.

ಗೌರಿ ಹಬ್ಬಕ್ಕೆ ನಮ್ಮಣ್ಣ ಕರೆಯಲು ಬಂದ. ಮಗುವನ್ನು ಎತ್ತಿಕೊಂಡು ತವರಿಗೆ ಹೋದೆ. ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣನ ಮುಂದೆ ಮಗುವನ್ನು ಇಳಿಸಿ, ಇದರ ಉಸಿರು ಸರಿಮಾಡಪ್ಪ ಎಂದು ಕೈಮುಗಿದೆ. ತವರಿನಲ್ಲಿ ಹಜಾರಕ್ಕೆ ಬಾಗಿಲೇ ಇರಲಿಲ್ಲ, ಬರೀ ಕಂಬಿ. ಮಳೆ ಬಂದರೆ ಇರಚಲು ಹೊಡೆಯುತ್ತಿತ್ತು. ನಾನು ಹೆದರಿಕೊಂಡೇ ಮಗುವನ್ನು ಅಲ್ಲಿ ಮಲಗಿಸಿದೆ. ಒಂದು ವಾರದೊಳಗೆ ಸಿಳ್ಳೆ ನಿಂತಿತು. ಮಗು ನಮ್ಮಣ್ಣನ ಮಕ್ಕಳ ಜೊತೆ ಅಂಗಳದಲ್ಲಿ ಓಡಿತು. ದೇವರು ಕೇಳಿಸಿಕೊಂಡ ಎಂದು ಸಂತೋಷಪಟ್ಟು ವಾಪಸು ಬಂದೆ. ಮನೆ ಸೇರಿ ಎರಡು ರಾತ್ರಿ ಕಳೆಯುವುದರೊಳಗೆ ಸಿಳ್ಳೆ ಮತ್ತೆ ಶುರುವಾಯಿತು.

ತವರಿನಲ್ಲಿ ಚೆನ್ನಾಗಿತ್ತು ಎಂದು ಮೆಲ್ಲಗೆ ಹೇಳಿದೆ. ಅತ್ತೆಮ್ಮ ಸೊಪ್ಪು ಕತ್ತರಿಸುತ್ತಿದ್ದವರು ತಲೆ ಎತ್ತಲಿಲ್ಲ.

"ನಿಮ್ಮೂರ್ ಗಾಳಿ ಬಾಟ್ಲೀಲಿ ತುಂಬ್ಕಂಡ್ ಬರ್ಬೇಕಿತ್ತು ಕಣಮ್ಮಿ. ಒಸಿ ನಾವೂ ಕುಡೀತಿದ್ದೊ."

ನಿಮ್ಮ ತಾತ ನಕ್ಕುಬಿಟ್ಟರು. ಆದರೆ ಆ ರಾತ್ರಿ ಮಗುವಿನ ಉಗುರಿನ ಬುಡ ನೀಲಿಯಾದದ್ದನ್ನು ನೋಡಿ, ನಕ್ಕವರೇ ಬೆಳಗಿನ ಮೊದಲ ಬಸ್ಸಿಗೆ ನಮ್ಮಿಬ್ಬರನ್ನೂ ರಾಮನಗರಕ್ಕೆ ಕರೆದುಕೊಂಡು ಹೋದರು.

ಡಾಕ್ಟರು ಸೂಜಿ ಹಾಕಿದರು, ಔಷಧಿ ಬರೆದರು. ಮಗು ಒಂದಿಷ್ಟು ಸುಧಾರಿಸಿಕೊಂಡ ಮೇಲೆ, ಯಾವಾಗ ಹೆಚ್ಚಾಗುತ್ತದೆ, ಯಾವಾಗ ಕಡಿಮೆಯಾಗುತ್ತದೆ ಎಂದು ಕೇಳಿದರು. ನಿಮ್ಮ ತಾತ ನನ್ನ ಮುಖ ನೋಡಿದರು. ನಾನು ನೆಲ ನೋಡಿಕೊಂಡೇ ತವರಿನ ವಿಷಯ ಹೇಳಿದೆ. ಮಗು ಮಲಗುವುದು ಎಲ್ಲಿ, ಗೋಡೆ ಹೇಗಿದೆ, ಕಿಟಕಿ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಗೊಬ್ಬರದ ಚೀಲದ ಮಾತು ಬಂದಾಗ ಬರೆಯುವುದನ್ನು ನಿಲ್ಲಿಸಿದರು.

"ನೋಡಮ್ಮ, ಈ ಮಗುವಿಗೆ ಬೂಷ್ಟು ಆಗೋದಿಲ್ಲ. ಎಲ್ಲ ಮಕ್ಕಳಿಗೂ ಹೀಗಾಗುತ್ತೆ ಅಂತಲ್ಲ, ಇವಳಿಗೆ ಆಗ್ತಿದೆ. ನಾನು ಔಷಧಿ ಕೊಡ್ತೀನಿ, ನೀವು ಮತ್ತೆ ಅದೇ ಗೋಡೆ ಹತ್ತಿರ ಮಲಗಿಸ್ತೀರಿ. ಆಮೇಲೆ ಒಂದಿನ ಬಸ್ಸು ಸಿಗೋದ್ರೊಳಗೆ ಕೈ ಮೀರುತ್ತೆ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆವು. ಕಿಟಕಿಯ ಗಾಳಿಗೆ ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಎಲ್ಲಿ ಮಲಗಿಸುವುದು ಎನ್ನುವುದೇ ಇಬ್ಬರ ತಲೆಯಲ್ಲೂ ಇತ್ತು. ನಡುಮನೆ ಬಿಟ್ಟರೆ ನಮಗಿದ್ದದ್ದು ಹೊಗೆ ತುಂಬಿದ ಅಡುಗೆಮನೆ, ಮುಂದೆ ಗೇಣಗಲದ ಜಗಲಿ, ಹಿತ್ತಲಲ್ಲಿ ಕೊಟ್ಟಿಗೆ. ಹುಳು ನಾಲ್ಕನೇ, ಅಂದರೆ ಕೊನೆಯ, ಜ್ವರ ಕಳೆದು ಎದ್ದಿತ್ತು. ಆ ಹಂತದಲ್ಲಿ ಅದನ್ನು ಬೇರೆಡೆಗೆ ಸಾಗಿಸುವಂತಿಲ್ಲ, ಕಿಟಕಿ ತೆರೆದರೆ ನೊಣ. ವರ್ಷದ ಊಟವೇ ಆ ತಟ್ಟೆಗಳಲ್ಲಿತ್ತು.

ಮನೆಗೆ ಬಂದು ನಿಮ್ಮ ತಾತ ಡಾಕ್ಟರು ಹೇಳಿದ್ದನ್ನೆಲ್ಲ ತಾಯಿಗೆ ಒಪ್ಪಿಸಿದರು. ಅತ್ತೆಮ್ಮ ಕೊನೆಯವರೆಗೂ ಕೇಳಿದರು.

"ಹುಳ ಸಾಕೋ ಮನೇಲೇ ನಾನು ಹುಟ್ಟಿದ್ದು, ನೀನೂ ಹುಟ್ಟಿದ್ದು. ಯಾರ್ಗೂ ಬರ್ದಿದ್ದು ಇವಳ್ಗೆಂಗ್ ಬಂತ್ಲಾ?"

ಅತ್ತೆಮ್ಮ ಹುಟ್ಟಿದ ಮನೆಯ ಕಿಟಕಿಗೆ ಪ್ಲಾಸ್ಟಿಕ್ ಇರಲಿಲ್ಲ ಎನ್ನುವುದು ಆ ಕ್ಷಣ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅತ್ತೆಮ್ಮ ಕೆಟ್ಟವರಲ್ಲ. ಆ ಮಗುವೆಂದರೆ ಅವರಿಗೆ ಪ್ರಾಣ. ಶೀತದ ಮಗುವನ್ನು ಗಾಳಿಗೆ ಹಾಕುವುದು ಅವರಿಗೆ ಬೆಂಕಿಗೆ ಹಾಕಿದಂತೆ ಕಾಣುತ್ತಿತ್ತು, ಅಷ್ಟೇ. ನಾನು ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ಕೂತೆ. ಕತ್ತಲಾದ ಮೇಲೆ ಅವರೇ ಬಂದು, ಚಳಿಯಾಗುತ್ತೆ ಎಂದು ಮಗುವನ್ನು ಇಸಿದುಕೊಂಡು ಒಳಗೆ ಹೋಗಿ ಅದೇ ಜಾಗದಲ್ಲಿ ಮಲಗಿಸಿದರು.

ಮರುದಿನ ಬೆಳಿಗ್ಗೆ ಹಾಸಿಗೆ ತೆಗೆಯುವಾಗ, ಅಂದರೆ ತಟ್ಟೆಯ ಹಳೇ ಸೊಪ್ಪು, ಹಿಕ್ಕೆ ತೆಗೆದು ಚೊಕ್ಕಟ ಮಾಡುವಾಗ, ಅತ್ತೆಮ್ಮನ ಕೈ ನಿಂತಿತು. ಬಡಗಣ ಗೋಡೆಯ ಕಡೆಯ ಕೆಳಗಿನ ತಟ್ಟೆಯಿಂದ ಒಂದು ಹುಳು ಎತ್ತಿ ಬೆಳಕಿಗೆ ಹಿಡಿದರು. ಸೀಮೆಸುಣ್ಣದ ತುಂಡಿನ ಹಾಗೆ ಬಿಳಿ, ಗಟ್ಟಿ. ಸುಣ್ಣಕಟ್ಟು ರೋಗ. ಅದೂ ಬೂಷ್ಟಿನದೇ ಕಾಯಿಲೆ, ತೇವ ಹೆಚ್ಚಾದರೆ ಬರುತ್ತದೆ. ಒಂದು ತಟ್ಟೆಗೆ ಬಂದರೆ ಮನೆಯೆಲ್ಲ ಹಬ್ಬುತ್ತದೆ.

ಆಮೇಲೆ ನಡೆದದ್ದನ್ನು ನಾನು ಹಿತ್ತಲ ಬಾಗಿಲಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನೋಡುತ್ತಿದ್ದೆ. ಒದ್ದೆ ಗೋಣಿಗಳೆಲ್ಲ ಅಂಗಳಕ್ಕೆ ಬಂದವು. ಸೊಪ್ಪಿನ ರಾಶಿ ಆಚೆಗೆ ಹೋಯಿತು. ಅಡುಗೆಮನೆಯಿಂದ ಒಣಸುಣ್ಣ ತಂದು ತಟ್ಟೆಗಳ ಮೇಲೆ ಉದುರಿಸಿದರು. ಮಗನನ್ನು ಕೂಗಿ, ಚೀಲ ಕಿತ್ತುಹಾಕು, ಹೋಗಿ ಬಲೆ ತಂದು ಕಟ್ಟು, ಗಾಳಿ ಆಡಲಿ ಎಂದರು. ಚೀಲ ಕಿತ್ತ ಕೂಡಲೇ ಬಿಸಿಲು ನಡುಮನೆಯ ಅರ್ಧಕ್ಕೆ ಬಂದು ಬಿತ್ತು. ಆ ಬಿಸಿಲಿನಲ್ಲಿ ಬಡಗಣ ಗೋಡೆ ಮೊದಲ ಸಲ ಪೂರ್ತಿ ಕಂಡಿತು, ಎದೆಯೆತ್ತರದವರೆಗೆ ಕಪ್ಪು.

ಆಗ ನಾನೊಂದು ಮಾತು ಹೇಳಿದೆ, ಮದುವೆಯಾಗಿ ಬಂದ ಮೇಲೆ ಅತ್ತೆಮ್ಮನ ಮುಖ ನೋಡಿ ಹೇಳಿದ ಮೊದಲ ಮಾತು. ಧೈರ್ಯ ಮಾಡಿದೆ ಎಂದು ಹೇಳಲಾರೆ. ಅದು ತಾನಾಗಿಯೇ ಬಾಯಿಂದ ಬಂತು.

"ಅತ್ತೆಮ್ಮ, ಹುಳ ಸುಣ್ಣ ಕಟ್ಟಿದ್ರೆ ಕೈಲ್ ಎತ್ತಿ ನೋಡ್ಬೋದು. ಮಗಿನ್ ಎದೆ ಒಳ್ಗೆ ಏನ್ ಕಟ್ಟೈತೋ ನಮಗೆ ಕಾಣಕಿಲ್ಲ."

ಅವರು ಸುಣ್ಣದ ಕೈಯಲ್ಲೇ ನಿಂತು ನನ್ನನ್ನು ನೋಡಿದರು. ಆಮೇಲೆ ಗೋಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ತಟ್ಟೆಗಳ ಕೆಲಸವನ್ನೆಲ್ಲ ಮುಗಿಸಿ, ಕೈಕಾಲು ತೊಳೆದು, ಮಧ್ಯಾಹ್ನ ಮುದ್ದೆ ಇಕ್ಕುವಾಗ ಮಗನ ಕಡೆ ತಿರುಗಿ, ನನಗೂ ಕೇಳಿಸುವಂತೆ ಹೇಳಿದರು.

"ಹುಳ ಹಣ್ಣಾಗಿ ಗೂಡ್ ಕಟ್ಟೋಗಂಟ ಈ ಮನೆ ಹುಳದ್ದು. ನಾವು ಕೊಟ್ಟಿಗೇಲಿರವ. ಒಸಿ ಬಿಸ್ಲಿರೋವಾಗ್ಲೇ ಗ್ವಾದ್ಲಿ ಕಡೆ ಗುಡಿಸ್ಕೊಡು."

ಹೀಗೆ ನಮ್ಮ ಸಂಸಾರ ಕೊಟ್ಟಿಗೆಗೆ, ದನ ಮೇವು ತಿನ್ನುವ ಗ್ವಾದಲಿಯ ಪಕ್ಕಕ್ಕೆ, ಹೋಯಿತು. ಎರಡು ಹಸು, ಒಂದು ಕರು, ನಾವು ನಾಲ್ಕು ಜನ. ಕೊಟ್ಟಿಗೆಗೆ ಮೂರೇ ಗೋಡೆ, ಒಂದು ಕಡೆ ಪೂರ್ತಿ ಬಯಲು. ನೆಲಕ್ಕೆ ಹುಲ್ಲು ಹಾಸದೆ, ಗಟ್ಟಿಸಿ ಒಣಗಿಸಿ, ಮಗುವಿಗೆ ಹಗ್ಗದ ಮಂಚ ಹಾಕಿಕೊಟ್ಟರು. ನೆರೆಮನೆಯ ಹೆಂಗಸು ನೀರಿಗೆ ಬಂದವಳು ಬೇಲಿಯಾಚೆ ನಿಂತು ನಕ್ಕಳು.

"ಏನಕ್ಕ, ಹುಳಕ್ಕೆ ಮನೆ ಬುಟ್ಕೊಟ್ಟು ದನಿನ್ ಜೊತೆ ಸಂಸಾರ ಹೂಡಿದ್ದೀಯಂತೆ?"

"ಹೂ ಕಣೆ. ದನ ನಿನ್ನಂಗೆ ಮಾತಾಡಕಿಲ್ಲ, ಸುಖವಾಗೈತೆ," ಎಂದರು ಅತ್ತೆಮ್ಮ.

ಅಂದು ಸಂಜೆ ಹಾಲು ಕರೆದ ಮೇಲೆ ಅವರು ಮಾಡಿದ್ದನ್ನು ನಾನು ಮರೆತಿಲ್ಲ. ಮಗುವನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು, ಬೆನ್ನಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿದರು, ಹುಳುವಿನ ಸದ್ದು ಕೇಳುವಾಗ ನಿಲ್ಲುತ್ತಿದ್ದರಲ್ಲ, ಹಾಗೆ. ಆ ದಿನ ಸಿಳ್ಳೆ ಇತ್ತು. ಮರುದಿನವೂ ಇತ್ತು. ಡಾಕ್ಟರ ಔಷಧಿ ಮುಗಿಯುತ್ತ ಬಂದಂತೆ ದಿನಕ್ಕೆ ಒಂದಿಷ್ಟು ತೆಳ್ಳಗಾಯಿತು. ಒಂದು ಸಂಜೆ ಬಹಳ ಹೊತ್ತು ಕಿವಿ ಇಟ್ಟುಕೊಂಡೇ ಇದ್ದರು. ಏನು ಕೇಳಿಸುತ್ತದೆ ಎಂದು ನಾನು ಹೆದರಿ ಕೇಳಿದೆ.

"ಏನೂ ಇಲ್ಲ ಕಣಮ್ಮಿ. ಒಸಿ ತಡಿ, ಇನ್ನೊಂದ್ ಸಲ ಕೇಳ್ತೀನಿ."

ಆ ಬೆಳೆ ಪೂರ್ತಿ ಹೋಗಲಿಲ್ಲ. ಬಡಗಣ ಗೋಡೆಯ ಕಡೆಯ ಹುಳು ಹೋಯಿತು, ಉಳಿದದ್ದು ಗೂಡು ಕಟ್ಟಿತು. ಗೂಡು ರಾಮನಗರದ ಮಾರುಕಟ್ಟೆಗೆ ಹೋದ ದಿನ, ಮಗುವನ್ನು ನೆರೆಮನೆಗೆ ಕಳಿಸಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಅತ್ತೆಮ್ಮನೂ ನಾನೂ ಆ ಗೋಡೆಯನ್ನು ಕೆರೆದೆವು. ಸುಣ್ಣದ ಪದರಗಳು ಹಪ್ಪಳದ ಹಾಗೆ ಎದ್ದು ಬಂದವು. ಪ್ರತಿ ಬಿಳಿ ಪದರದ ಹಿಂದೆ ಒಂದು ಕಪ್ಪು ಪದರ. ನಾವು ಎಷ್ಟು ಸಲ ಬಳಿದು ಮುಚ್ಚಿದ್ದೆವೋ ಅಷ್ಟು ಸಲವೂ ಅದು ಅಲ್ಲೇ ಇತ್ತು. ಒಳಗಿನ ಮಣ್ಣು ನೆನೆದ ಬೆಲ್ಲದಂತೆ ಕೈಗೆ ಬಂತು. ಗಟ್ಟಿ ಮಣ್ಣು ಸಿಗುವವರೆಗೆ ಕೆರೆದು, ದೂರ ಒಯ್ದು ಗುಂಡಿಗೆ ಹಾಕಿದೆವು. ಬಚ್ಚಲನ್ನು ನಿಮ್ಮ ತಾತ ಹಿತ್ತಲ ಇನ್ನೊಂದು ಕೊನೆಗೆ ಕಟ್ಟಿದರು. ಸಂಕ್ರಾಂತಿಯವರೆಗೂ ಗೋಡೆಗೆ ಏನೂ ಬಳಿಯದೆ ಒಣಗಲು ಬಿಟ್ಟೆವು. ಆ ಚಳಿಗಾಲ ಮೊಟ್ಟೆ ತರಲಿಲ್ಲ. ಮುಂದಿನ ವರ್ಷ ಹಿತ್ತಲಲ್ಲಿ ಗರಿ ಹೊದಿಸಿದ ಹುಳುಮನೆ ಎದ್ದಿತು. ಕಿಟಕಿಗೆಲ್ಲ ಬಲೆ.

ಹುಳುವಿನ ಸುಣ್ಣಕಟ್ಟು ಮನುಷ್ಯರಿಗೆ ಬರುವುದಿಲ್ಲ, ಅದರ ಬೂಷ್ಟೇ ಬೇರೆ, ಗೋಡೆಯ ಬೂಷ್ಟೇ ಬೇರೆ ಎಂದು ಆಮೇಲೆ ಇಲಾಖೆಯವರೊಬ್ಬರು ಹೇಳಿದರು. ಆದ್ದರಿಂದ ಅಂದು ನಾನು ಹೇಳಿದ ಮಾತು ಲೆಕ್ಕಕ್ಕೆ ಸರಿಯಾದದ್ದಲ್ಲ. ಹುಳುವಿಗೂ ಮಗುವಿಗೂ ಬೇಕಾಗಿದ್ದ ಗಾಳಿ ಮಾತ್ರ ಒಂದೇ ಕಿಟಕಿಯಿಂದ ಬರಬೇಕಿತ್ತು. ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಹುಳು ಸಾಕುವವರಿಗೆ ಬೂಷ್ಟು ಎಂದರೇನು ಎಂದು ಗೊತ್ತಿರಲಿಲ್ಲವೇ? ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ತಟ್ಟೆಯಲ್ಲಿ ಕಂಡರೆ ಎದೆ ಹೊಡೆದುಕೊಳ್ಳುತ್ತಿದ್ದೆವು. ಅದೇ ಗೋಡೆಯ ಮೇಲಿದ್ದರೆ ಮಳೆಗಾಲ ಎಂದು ಸುಮ್ಮನಿದ್ದೆವು. ಹುಳುವಿನ ಮನೆಯನ್ನು ನಾವು ನೋಡುತ್ತಿದ್ದೆವು, ನಾವಿರುವ ಮನೆಯನ್ನು ನೋಡುತ್ತಿರಲಿಲ್ಲ. ಎರಡೂ ಒಂದೇ ಮನೆಯಾಗಿತ್ತು.

ನಿಮ್ಮ ಅಮ್ಮನ ಉಬ್ಬಸ ಪೂರ್ತಿ ಹೋಗಲಿಲ್ಲ. ಕಾಲ ತಿರುಗುವಾಗ ಒಮ್ಮೊಮ್ಮೆ ಬರುತ್ತಿತ್ತು, ರಾಮನಗರಕ್ಕೆ ಓಡುತ್ತಿದ್ದೆವು. ಆದರೆ ಉಗುರು ನೀಲಿಯಾಗಲಿಲ್ಲ. ಅವಳು ಸ್ಕೂಲಿನ ಓಟದಲ್ಲಿ ಗೆದ್ದು ತಂದ ಸ್ಟೀಲ್ ಲೋಟವನ್ನು ಅತ್ತೆಮ್ಮ ಸಾಯುವವರೆಗೂ ತಾವೇ ಇಟ್ಟುಕೊಂಡು, ಅದರಲ್ಲೇ ನೀರು ಕುಡಿಯುತ್ತಿದ್ದರು.

ಈಗ ನಿಮ್ಮ ಮನೆಯ ಮಾತು. ಅಲ್ಲಿ ಹುಳು ಇಲ್ಲ, ಗೊಬ್ಬರದ ಚೀಲವೂ ಇಲ್ಲ. ಆದರೆ ಸೊಳ್ಳೆಗೆಂದು, ಧೂಳಿಗೆಂದು ಆ ಕೋಣೆಯ ಕಿಟಕಿಯನ್ನು ಮುಚ್ಚಿಯೇ ಇಟ್ಟಿದ್ದೀರಿ. ಮಳೆಗಾಲದಲ್ಲಿ ಬಟ್ಟೆಯೂ ಅಲ್ಲೇ ಒಣಗುತ್ತದೆ. ಗೋಡೆಯ ಆಚೆ ಬಾತ್‌ರೂಮು. ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ. ಪೇಂಟಿನವನು ಬರಲಿ, ಬೇಡವೆನ್ನುವುದಿಲ್ಲ. ಅವನಿಗಿಂತ ಮೊದಲು ಪೈಪು ನೋಡುವವನು ಬರಲಿ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ, ಗೋಡೆ ಕೆರೆಸಿ, ಒಣಗಿದ ಮೇಲೆ ಬಣ್ಣ ಬಳಿಯಲಿ. ಕೆರೆಯುವ ದಿನ ಮಕ್ಕಳು ಯಾರೂ ಮನೆಯಲ್ಲಿರುವುದು ಬೇಡ. ಸಿಳ್ಳೆ ಕೇಳಿಸಿದ ವಿಷಯವನ್ನು ಡಾಕ್ಟರಿಗೂ ಹೇಳಿ, ಅಜ್ಜಿಯ ಕಿವಿಯೊಂದನ್ನೇ ನಂಬಬೇಡಿ.

ಅಲ್ಲಿಯವರೆಗೆ ಚಿಕ್ಕವನನ್ನು ನನ್ನ ಹತ್ತಿರ ಬಿಡಿ. ಮುಂದಿನ ಕೋಣೆಯಲ್ಲಿ ಹಗ್ಗದ ಮಂಚ ಬಿಗಿಸಿಟ್ಟಿದ್ದೇನೆ. ಕಿಟಕಿಗೆ ಬಲೆ ಇದೆ, ತೆರೆದೇ ಇರುತ್ತದೆ. ಸಂಜೆ ಬೆನ್ನಿಗೆ ಕಿವಿ ಇಟ್ಟಾಗ ಅವನು ಕಚಗುಳಿ ಎಂದು ನಗುತ್ತಾನೆ. ನಗಲಿ. ನಗುವುದು ನಿಲ್ಲಿಸಿದ ಮೇಲೆ ಇನ್ನೊಂದು ಸಲ ಕೇಳುತ್ತೇನೆ.